ಥೈರಾಯ್ಡ್ ಇದ್ದವರು ಟರ್ಮ್ ಮತ್ತು ಕ್ರಿಟಿಕಲ್ ಇಲ್‌ನೆಸ್ ವಿಮೆ ಮಾಡಿಸುವುದು ಹೇಗೆ?

ಥೈರಾಯ್ಡ್ ಮಾತ್ರೆ ನುಂಗುವ ಬಹಳಷ್ಟು ಮಂದಿ ಅದನ್ನು ಕಾಯಿಲೆ ಎಂದು ಎಣಿಸುವುದೇ ಇಲ್ಲ. ಬೆಳಗ್ಗೆ ಎದ್ದು ಒಂದು ಮಾತ್ರೆ, ಆರು ತಿಂಗಳಿಗೋ ವರ್ಷಕ್ಕೋ ಒಂದು ರಕ್ತ ಪರೀಕ್ಷೆ, ಅಲ್ಲಿಗೆ ಮುಗಿಯಿತು. ವಿಮೆಯ ಅರ್ಜಿಯಲ್ಲಿ ‘ಯಾವುದಾದರೂ ಕಾಯಿಲೆ ಇದೆಯೇ’ ಎಂಬ ಪ್ರಶ್ನೆಗೆ ಏಜೆಂಟ್ ‘ಇಲ್ಲ’ ಎಂದು ತುಂಬಿದಾಗ ಯಾರೂ ತಡೆಯದಿರುವುದು ಇದೇ ಕಾರಣಕ್ಕೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ: ಥೈರಾಯ್ಡ್ ಇದೆ ಎಂದ ಮೇಲೆ ವಿಮೆ ಕೊಡುವುದಿಲ್ಲ ಎಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಎರಡೂ ತಪ್ಪು. ಹತೋಟಿಯಲ್ಲಿರುವ ಹೈಪೋಥೈರಾಯ್ಡಿಸಂಗೆ ಭಾರತದಲ್ಲಿ ಟರ್ಮ್ ವಿಮೆ (ಅವಧಿಯೊಳಗೆ ಸತ್ತರೆ ಮಾತ್ರ ಹಣ ಕೊಡುವ ಜೀವ ವಿಮೆ) ಸಾಮಾನ್ಯವಾಗಿ ಸಿಗುತ್ತದೆ, ಎಷ್ಟೋ ಸಲ ಎಲ್ಲರಿಗೂ ಇರುವ ದರದಲ್ಲೇ ಸಿಗುತ್ತದೆ. ಅರ್ಜಿ ಎಡವುವುದು ಹೆಚ್ಚಾಗಿ ಹಳೆಯ ರಿಪೋರ್ಟ್ ಇಲ್ಲದ್ದಕ್ಕೆ, ಡೋಸ್ ಬದಲಾದ ವಾರದಲ್ಲೇ ರಕ್ತ ಕೊಟ್ಟದ್ದಕ್ಕೆ, ಅಥವಾ ಫಾರ್ಮಿನಲ್ಲಿ ಒಂದು, ವೈದ್ಯರ ಚೀಟಿಯಲ್ಲಿ ಇನ್ನೊಂದು ಇದ್ದದ್ದಕ್ಕೆ.

ನಿಮ್ಮದು ಯಾವ ಥೈರಾಯ್ಡ್?

‘ನನಗೆ ಥೈರಾಯ್ಡ್ ಇದೆ’ ಎಂಬ ಮಾತು ವಿಮಾ ಕಂಪನಿಗೆ ಏನನ್ನೂ ಹೇಳುವುದಿಲ್ಲ. ಅರ್ಜಿಯನ್ನು ತೂಗಿ ನೋಡುವ ಅಂಡರ್‌ರೈಟರ್‌ಗೆ ಬೇಕಾದದ್ದು ನಿಖರವಾದ ಹೆಸರು.

ಹೈಪೋಥೈರಾಯ್ಡಿಸಂ, ಎಂದರೆ ಗ್ರಂಥಿ ಕಡಿಮೆ ಕೆಲಸ ಮಾಡುವುದು, ಎಲ್ಲಕ್ಕಿಂತ ಸುಲಭದ ಪ್ರಕರಣ. ಲೆವೋಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಟಿಎಸ್‌ಎಚ್ (ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಲ್ಯಾಬಿನ ಮಿತಿಯೊಳಗಿದ್ದು (ಹೆಚ್ಚಿನ ಲ್ಯಾಬ್‌ಗಳಲ್ಲಿ ಸುಮಾರು 0.4ರಿಂದ 4 ಅಥವಾ 5), ಬೇರೆ ತೊಂದರೆ ಇಲ್ಲದಿದ್ದರೆ ಜೀವ ವಿಮೆಗೆ ದೊಡ್ಡ ಅಡ್ಡಿಯಿಲ್ಲ. ಹಶಿಮೋಟೊ, ಅಂದರೆ ಗ್ರಂಥಿಯ ಮೇಲೆ ದೇಹವೇ ತಿರುಗಿಬಿದ್ದು ಆಂಟಿ ಟಿಪಿಒ ಎಂಬ ಪ್ರತಿಕಾಯ ಹೆಚ್ಚಿರುವ ಸ್ಥಿತಿಯೂ ಸಾಮಾನ್ಯವಾಗಿ ಇದೇ ಗುಂಪಿಗೆ ಬರುತ್ತದೆ. ಮಾತ್ರೆಯಿಲ್ಲದೆ ಟಿಎಸ್‌ಎಚ್ ಮಾತ್ರ 6, 7 ಎಂದು ತೋರಿಸುವ ‘ಸಬ್‌ಕ್ಲಿನಿಕಲ್’ ಸ್ಥಿತಿಯನ್ನೂ ಹೇಳಲೇಬೇಕು. ‘ಯಾವುದಾದರೂ ಪರೀಕ್ಷೆಯಲ್ಲಿ ಅಸಹಜ ಫಲಿತಾಂಶ ಬಂದಿದೆಯೇ’ ಎಂಬ ಪ್ರಶ್ನೆ ಬಹುತೇಕ ಎಲ್ಲ ಫಾರ್ಮ್‌ಗಳಲ್ಲೂ ಇರುತ್ತದೆ.

ಹೈಪರ್‌ಥೈರಾಯ್ಡಿಸಂನಲ್ಲಿ, ಎಂದರೆ ಗ್ರಂಥಿ ಹೆಚ್ಚು ಕೆಲಸ ಮಾಡುವಾಗ, ಎಚ್ಚರ ಜಾಸ್ತಿ. ಅದರ ಮುಖ್ಯ ಕಾರಣವಾದ ಗ್ರೇವ್ಸ್ ಕಾಯಿಲೆ ಇರುವವರಲ್ಲಿ ಹೃದಯದ ಬಡಿತ ಏರುಪೇರಾಗುವ ಅಪಾಯವಿದೆ, ಕಣ್ಣಿನ ತೊಂದರೆಯೂ ಬರಬಹುದು. ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಈಗಷ್ಟೇ ಶುರುವಾಗಿದ್ದರೆ ಕಂಪನಿ ‘ಆರು ತಿಂಗಳು ಬಿಟ್ಟು ಬನ್ನಿ’ ಎನ್ನುವುದು ಮಾಮೂಲು. ಗ್ರಂಥಿಯನ್ನು ಕುಗ್ಗಿಸುವ ರೇಡಿಯೋ ಅಯೋಡಿನ್ ಚಿಕಿತ್ಸೆ ಪಡೆದವರಲ್ಲಿ ಬಹಳ ಮಂದಿಗೆ ಮುಂದೆ ಹೈಪೋ ಆಗುತ್ತದೆ. ಅಂಥವರು ಎರಡೂ ಹಂತದ ದಾಖಲೆ ಕೊಡಬೇಕು. ಈಗಿನ ಥೈರಾಕ್ಸಿನ್ ಮಾತ್ರೆಯನ್ನಷ್ಟೇ ಹೇಳಿ ಹಿಂದಿನದನ್ನು ಬಿಟ್ಟರೆ ಅದು ಮುಚ್ಚಿಟ್ಟಂತೆಯೇ.

ಕತ್ತಿನಲ್ಲಿ ಗಂಟು ಅಥವಾ ಗಳಗಂಡ ಇದ್ದರೆ ಮಾತ್ರೆಗಿಂತ ಗಂಟಿನ ಸ್ವರೂಪವೇ ಮುಖ್ಯ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಟೈ-ರ್‍ಯಾಡ್ಸ್ ಎಂಬ 1ರಿಂದ 5ರ ಅಂಕ (ಹೆಚ್ಚಿದಷ್ಟೂ ಅನುಮಾನ ಜಾಸ್ತಿ) ಇರುತ್ತದೆ. ಸೂಜಿ ಪರೀಕ್ಷೆ (ಎಫ್‌ಎನ್‌ಎಸಿ) ಆಗಿದ್ದರೆ ಬೆಥೆಸ್ಡಾ 1ರಿಂದ 6ರ ವರ್ಗ. ಬೆಥೆಸ್ಡಾ 2 ಎಂದರೆ ಅಪಾಯವಿಲ್ಲದ ಗಂಟು. ಅದರ ಜೊತೆಗೆ ಒಂದು ವರ್ಷದ ಅಂತರದಲ್ಲಿ ಮಾಡಿಸಿದ ಎರಡು ಸ್ಕ್ಯಾನ್‌ಗಳಲ್ಲಿ ಗಾತ್ರ ಬದಲಾಗಿಲ್ಲದಿದ್ದರೆ ಟರ್ಮ್ ಪಾಲಿಸಿಗೆ ದಾರಿ ಸಲೀಸು. ಬೆಥೆಸ್ಡಾ 3 ಅಥವಾ 4 ಎಂದರೆ ‘ಖಚಿತವಿಲ್ಲ’ ಎಂದರ್ಥ. ಖಚಿತವಿಲ್ಲದ್ದಕ್ಕೆ ಯಾವ ಕಂಪನಿಯೂ ಬೆಲೆ ಕಟ್ಟಲು ಹೋಗುವುದಿಲ್ಲ, ಮುಂದೂಡುತ್ತದೆ.

ಥೈರಾಯ್ಡ್ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿದವರಿಗೆ ಜೀವ ವಿಮೆಯ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಚಿಕಿತ್ಸೆ ಮುಗಿದು ಕೆಲವು ವರ್ಷ ಕಳೆದಿರಬೇಕು, ಥೈರೋಗ್ಲಾಬ್ಯುಲಿನ್ ಎಂಬ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ಮರುಕಳಿಕೆ ಇಲ್ಲವೆಂದು ತೋರಿಸಬೇಕು. ಕ್ರಿಟಿಕಲ್ ಇಲ್‌ನೆಸ್ ವಿಮೆ (ಪಟ್ಟಿಯಲ್ಲಿರುವ ಗಂಭೀರ ಕಾಯಿಲೆ ಬಂದರೆ ಒಂದೇ ಗಂಟಿನಲ್ಲಿ ಹಣ ಕೊಡುವ ಪಾಲಿಸಿ) ಮಾತ್ರ ಇಂಥವರಿಗೆ ಸಿಗುವುದು ಬಲು ಕಷ್ಟ.

ಅರ್ಜಿಗೆ ಮೂರು ತಿಂಗಳ ಮುಂಚೆ

ಫಾರ್ಮ್ ತುಂಬುವ ಮೊದಲೇ ನಿಮ್ಮ ಖರ್ಚಿನಲ್ಲಿ ಒಂದು ಸಲ ಪರೀಕ್ಷೆ ಮಾಡಿಸಿ: ಟಿಎಸ್‌ಎಚ್, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್), ಲಿಪಿಡ್ ಪ್ರೊಫೈಲ್ (ಕೊಲೆಸ್ಟರಾಲ್ ಪರೀಕ್ಷೆ), ಊಟಕ್ಕೆ ಮುಂಚಿನ ಸಕ್ಕರೆ ಮತ್ತು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ). ಥೈರಾಯ್ಡ್‌ಗೂ ಕೊಲೆಸ್ಟರಾಲ್‌ಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಹೈಪೋ ಹತೋಟಿ ತಪ್ಪಿದರೆ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ತೂಕವೂ ಹೆಚ್ಚುತ್ತದೆ. ಅಂಡರ್‌ರೈಟರ್ ಮೂರಕ್ಕೂ ಬೇರೆ ಬೇರೆ ಅಂಕ ಹಾಕಿ ಕೂಡಿಸುತ್ತಾನೆ. ಟಿಎಸ್‌ಎಚ್ ಒಂದರ ಕಾರಣಕ್ಕೆ ಬೀಳದಿದ್ದ ಹೆಚ್ಚುವರಿ ಪ್ರೀಮಿಯಂ ಈ ಒಟ್ಟು ಅಂಕದಿಂದ ಬೀಳುತ್ತದೆ.

ಟಿಎಸ್‌ಎಚ್ ಹೆಚ್ಚಿದ್ದರೆ ವೈದ್ಯರು ಡೋಸ್ ಬದಲಿಸುತ್ತಾರೆ. ಹೊಸ ಡೋಸಿನಲ್ಲಿ ಟಿಎಸ್‌ಎಚ್ ಒಂದು ನೆಲೆಗೆ ಬರಲು 6ರಿಂದ 8 ವಾರ ಬೇಕು. ಅದಕ್ಕೆ ಮೊದಲು ವಿಮೆಯವರಿಗೆ ರಕ್ತ ಕೊಟ್ಟರೆ ಹಳೆಯ ಸ್ಥಿತಿಯೇ ಕಾಣುತ್ತದೆ, ಜೊತೆಗೆ ‘ಇತ್ತೀಚೆಗೆ ಡೋಸ್ ಬದಲಾಗಿದೆ’ ಎಂಬ ಷರಾವೂ ಸೇರುತ್ತದೆ. ಮೂರು ತಿಂಗಳ ಲೆಕ್ಕ ಬರುವುದು ಹೀಗೆ: ಮೊದಲ ಪರೀಕ್ಷೆ, ಡೋಸ್ ಸರಿಪಡಿಸುವುದು, 8 ವಾರ ಬಿಟ್ಟು ಮರುಪರೀಕ್ಷೆ, ಆಮೇಲೆ ಅರ್ಜಿ.

ಡೋಸ್ ಏರಿಸುವ ಮೊದಲು ಮಾತ್ರೆ ನುಂಗುವ ಕ್ರಮವನ್ನೊಮ್ಮೆ ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಮಾತ್ರೆ ಬಾಯಿಗೆ ಹಾಕಿದ ಐದೇ ನಿಮಿಷಕ್ಕೆ ಫಿಲ್ಟರ್ ಕಾಫಿ ಬರುತ್ತದೆ. ಕಾಫಿ ಲೆವೋಥೈರಾಕ್ಸಿನ್ ಹೀರಿಕೆಯನ್ನು ತಗ್ಗಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಮಾತ್ರೆ, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರವಿರಲಿ. ಇಷ್ಟರಿಂದಲೇ ಟಿಎಸ್‌ಎಚ್ ಇಳಿದವರು ಬೇಕಾದಷ್ಟಿದ್ದಾರೆ.

ಕೂದಲು, ಉಗುರಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಇನ್ನೊಂದು ಕಿತಾಪತಿ ಮಾಡುತ್ತದೆ. ಅದು ಗ್ರಂಥಿಗೆ ಏನೂ ಮಾಡುವುದಿಲ್ಲ, ಲ್ಯಾಬಿನ ಪರೀಕ್ಷಾ ವಿಧಾನವನ್ನೇ ದಾರಿ ತಪ್ಪಿಸುತ್ತದೆ. ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ4 ಸುಳ್ಳಾಗಿ ಹೆಚ್ಚು ಎಂದು ಬಂದು, ಕಾಗದದ ಮೇಲೆ ಹೈಪರ್ ಇದ್ದಂತೆ ಕಾಣುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮುಂಚೆ ವೈದ್ಯರನ್ನು ಕೇಳಿ ಅದನ್ನು ನಿಲ್ಲಿಸಿ.

ಕತ್ತಿನಲ್ಲಿ ಗಂಟು ಕೈಗೆ ಸಿಗುತ್ತಿದ್ದರೆ ‘ಮೊದಲು ಪಾಲಿಸಿ, ಆಮೇಲೆ ಸ್ಕ್ಯಾನ್’ ಎಂಬ ಜಾಣತನ ಬೇಡ. ಆರೋಗ್ಯದ ಮಾತು ಹಾಗಿರಲಿ, ವಿಮೆಯ ಲೆಕ್ಕದಲ್ಲೂ ಅದು ನಷ್ಟ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ 90 ದಿನ ವೇಟಿಂಗ್ ಪೀರಿಯಡ್, ಎಂದರೆ ಕ್ಲೇಮ್ ಸಿಗದ ಅವಧಿ, ಇರುತ್ತದೆ. ಆ ಅವಧಿಯಲ್ಲಿ ಅಥವಾ ಅದಕ್ಕೂ ಮೊದಲು ಲಕ್ಷಣ ಕಂಡಿತ್ತು ಎಂದು ಆಸ್ಪತ್ರೆಯ ಹಾಳೆಯಲ್ಲಿ ಒಂದು ಸಾಲು ಸಿಕ್ಕರೆ ಸಾಕು, ಕ್ಲೇಮ್ ಕೈತಪ್ಪಬಹುದು.

ಗರ್ಭಿಣಿಯರಿಗೆ ಒಂದು ಮಾತು. ಬಸುರಿನಲ್ಲಿ ಥೈರಾಕ್ಸಿನ್ ಡೋಸ್ ಏರುವುದು, ಹೆರಿಗೆಯ ನಂತರ ಇಳಿಯುವುದು ಸಹಜ. ತಿಂಗಳು ತುಂಬುತ್ತಿರುವಾಗ ಹಾಕಿದ ಅರ್ಜಿಯನ್ನು ಕಂಪನಿಗಳು ಹೆರಿಗೆಯ ನಂತರಕ್ಕೆ ಮುಂದೂಡುತ್ತವೆ. ಹಾಗಾಗಿ ಮೊದಲೇ ಮುಗಿಸಿ, ಇಲ್ಲವೇ ಡೋಸ್ ಸ್ಥಿರವಾಗುವ ತನಕ ತಾಳಿ.

ಕಡತದಲ್ಲಿ ಏನಿರಬೇಕು

- ಕಾಯಿಲೆ ಮೊದಲು ಪತ್ತೆಯಾದಾಗಿನ ರಿಪೋರ್ಟ್. ಸಿಗದಿದ್ದರೆ ಈಗಿನ ವೈದ್ಯರು ಪತ್ತೆಯಾದ ತಿಂಗಳು, ವರ್ಷ ನಮೂದಿಸಿ ಕೊಟ್ಟ ಪತ್ರ.
- ಕಳೆದ ಎರಡು ವರ್ಷದ ಟಿಎಸ್‌ಎಚ್ ರಿಪೋರ್ಟ್‌ಗಳು. ಕೊನೆಯದು ಮೂರು ತಿಂಗಳಿಗಿಂತ ಹಳತಾಗಿರಬಾರದು.
- ಈಗಿನ ಡೋಸ್ ಇರುವ ವೈದ್ಯರ ಚೀಟಿ. ‘75’ ಎಂದಷ್ಟೇ ಬೇಡ, ‘75 ಮೈಕ್ರೋಗ್ರಾಂ, ದಿನಕ್ಕೊಂದು’ ಎಂದಿರಲಿ.
- ಗಂಟು ಇದ್ದರೆ ಎಲ್ಲ ಸ್ಕ್ಯಾನ್‌ಗಳು ಮತ್ತು ಸೂಜಿ ಪರೀಕ್ಷೆಯ ರಿಪೋರ್ಟ್. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಮತ್ತು ಬಯಾಪ್ಸಿ ರಿಪೋರ್ಟ್.
- ಹೈಪರ್ ಇದ್ದರೆ ಇತ್ತೀಚಿನ ಇಸಿಜಿ.

ಡಿಸ್ಚಾರ್ಜ್ ಸಮ್ಮರಿಯನ್ನು ಕೊಡುವ ಮೊದಲು ನೀವೇ ಒಮ್ಮೆ ಓದಿ. ‘10 ವರ್ಷದಿಂದ ಹೈಪೋ’ ಎಂದು ಬರೆಯಬೇಕಾದ ಕಡೆ ಗಡಿಬಿಡಿಯಲ್ಲಿ ‘20 ವರ್ಷ’ ಎಂದಿರುವುದು, ಇಲ್ಲದ ಬಿಪಿಯನ್ನು ಸೇರಿಸಿರುವುದು ಅಪರೂಪವಲ್ಲ. ತಪ್ಪಿದ್ದರೆ ಆಸ್ಪತ್ರೆಯಿಂದ ಸಹಿ, ಮೊಹರಿನೊಂದಿಗೆ ತಿದ್ದಿಸಿಕೊಳ್ಳಿ. ಸಾವಿನ ನಂತರ ಕ್ಲೇಮ್ ತನಿಖೆಗೆ ಬರುವವರು ಮೊದಲು ತೆಗೆಯುವುದು ಇದೇ ಹಾಳೆಯನ್ನು, ಆಗ ತಿದ್ದಿಸಲು ನೀವಿರುವುದಿಲ್ಲ.

ಕೊಲ್ಲಿ ದೇಶಗಳಲ್ಲೋ ಬ್ರಿಟನ್‌ನಲ್ಲೋ ಇದ್ದು ಇಲ್ಲಿ ಪಾಲಿಸಿ ಮಾಡಿಸುವವರು ರಿಪೋರ್ಟಿನ ಮಾನಗಳನ್ನು ಗಮನಿಸಿ. ಫ್ರೀ ಟಿ4 ಅಲ್ಲಿ ಪಿಕೋಮೋಲ್ ಲೆಕ್ಕದಲ್ಲಿ 15 ಎಂದು ಬರಬಹುದು, ಇಲ್ಲಿನ ಲ್ಯಾಬ್‌ಗಳು ನ್ಯಾನೋಗ್ರಾಂ ಲೆಕ್ಕದಲ್ಲಿ 1.2 ಎಂದು ಬರೆಯುತ್ತವೆ. ಎರಡೂ ಸಹಜವೇ, ಆದರೆ ಲ್ಯಾಬಿನ ಮಿತಿ ಅಚ್ಚಾಗಿರುವ ಪುಟವನ್ನು ಬಿಟ್ಟು ಕಳಿಸಿದರೆ ಗೊಂದಲ ಖಂಡಿತ.

ಫಾರ್ಮ್ ತುಂಬುವುದು

ಥೈರಾಯ್ಡ್ ಒಂದು ಫಾರ್ಮಿನಲ್ಲಿ ಮೂರು ನಾಲ್ಕು ಕಡೆ ಬರುತ್ತದೆ: ಹಾರ್ಮೋನ್ ಅಥವಾ ಗ್ರಂಥಿಯ ಕಾಯಿಲೆ ಇದೆಯೇ, ಈಗ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ, ಕಳೆದ ಐದು ವರ್ಷದಲ್ಲಿ ಪರೀಕ್ಷೆಯಾಗಲಿ ಚಿಕಿತ್ಸೆಯಾಗಲಿ ಆಗಿದೆಯೇ, ಆಸ್ಪತ್ರೆ ಸೇರಿದ್ದೀರಾ. ಮೊದಲನೆಯದಕ್ಕೆ ‘ಹೌದು’ ಎಂದು, ಔಷಧಿಯ ಪ್ರಶ್ನೆಗೆ ‘ಇಲ್ಲ’ ಎಂದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ವಿವರದ ಜಾಗದಲ್ಲಿ ಹೀಗೆ ಬರೆಯಬಹುದು:

‘ಪ್ರೈಮರಿ ಹೈಪೋಥೈರಾಯ್ಡಿಸಂ, ಮಾರ್ಚ್ 2019ರಲ್ಲಿ ಪತ್ತೆ. ಲೆವೋಥೈರಾಕ್ಸಿನ್ 75 ಮೈಕ್ರೋಗ್ರಾಂ ದಿನಕ್ಕೊಮ್ಮೆ, 2022ರಿಂದ ಡೋಸ್ ಬದಲಾಗಿಲ್ಲ. ಕೊನೆಯ ಟಿಎಸ್‌ಎಚ್ 2.8. ಗಂಟು, ಆಪರೇಷನ್, ಹೃದಯದ ತೊಂದರೆ ಇಲ್ಲ. ರಿಪೋರ್ಟ್ ಲಗತ್ತಿಸಿದೆ.’

‘ಥೈರಾಯ್ಡ್ ಪ್ರಾಬ್ಲಂ, ಕಂಟ್ರೋಲ್‌ನಲ್ಲಿದೆ’ ಎಂದಷ್ಟೇ ಬರೆದರೆ ಕಂಪನಿ ಥೈರಾಯ್ಡ್ ಪ್ರಶ್ನಾವಳಿ ಎಂಬ ಇನ್ನೊಂದು ಫಾರ್ಮ್ ಕಳಿಸುತ್ತದೆ, ವಾರಗಳು ಹಾಳು. ಗಂಟು ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಸ್ಕ್ಯಾನ್ ಎಂದೂ ಮಾಡಿಸಿಲ್ಲದಿದ್ದರೆ, ‘ಸ್ಕ್ಯಾನ್ ಆಗಿಲ್ಲ’ ಎಂದೇ ಬರೆಯಿರಿ. ಗೊತ್ತಿಲ್ಲದ್ದನ್ನು ‘ಇಲ್ಲ’ ಎಂದು ಬರೆಯುವುದು ಬೇಡ.

ಏಜೆಂಟ್ ಮೊಬೈಲಿನಲ್ಲಿ ಟಕಟಕ ಒತ್ತಿ ಮುಗಿಸಿ ಒಟಿಪಿ ಕೇಳುವುದು ಈಗಿನ ರೂಢಿ. ಒಟಿಪಿ ಹೇಳಿದಿರಿ ಎಂದರೆ ಸಹಿ ಹಾಕಿದಂತೆಯೇ. ಅದಕ್ಕೆ ಮೊದಲು ತುಂಬಿದ ಫಾರ್ಮಿನ ಪಿಡಿಎಫ್ ತರಿಸಿಕೊಂಡು ಆರೋಗ್ಯದ ಪುಟವನ್ನಾದರೂ ಓದಿ. ಎಲ್‌ಐಸಿಯಲ್ಲಿ ಕಾಗದದ ಫಾರ್ಮ್ 300 ಬಳಸುವವರು ಕನ್ನಡದಲ್ಲಿ ಸಹಿ ಹಾಕಿದರೆ, ಪ್ರಶ್ನೆಗಳನ್ನು ಅವರ ಭಾಷೆಯಲ್ಲಿ ವಿವರಿಸಲಾಗಿದೆ ಎಂದು ಇನ್ನೊಬ್ಬರು ಘೋಷಣೆಗೆ ಸಹಿ ಹಾಕಬೇಕಾಗುತ್ತದೆ. ಇದನ್ನು ನೆಪಕ್ಕೆ ಮುಗಿಸಲು ಬಿಡಬೇಡಿ. ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ.

‘ಮೂರು ವರ್ಷ ಕಳೆದರೆ ಏನೂ ಕೇಳುವಂತಿಲ್ಲ, ಬರೆಯದಿದ್ದರೂ ನಡೆಯುತ್ತದೆ’ ಎಂಬ ಸಲಹೆ ಊರೂರಲ್ಲಿ ಸಿಗುತ್ತದೆ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್, 2015ರ ತಿದ್ದುಪಡಿಯ ನಂತರ, ಜೀವ ವಿಮೆ ಪಾಲಿಸಿಯನ್ನು ಮೂರು ವರ್ಷದ ಮೇಲೆ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎನ್ನುತ್ತದೆ, ನಿಜ. ಆದರೆ ಆ ಮೂರು ವರ್ಷದೊಳಗೆ ಸಾವು ಬರುವುದಿಲ್ಲ ಎಂದು ಬರೆದುಕೊಟ್ಟವರು ಯಾರು? ಕಂತು ತಪ್ಪಿ ಪಾಲಿಸಿ ಲ್ಯಾಪ್ಸ್ ಆಗಿ, ಅದನ್ನು ಮತ್ತೆ ಜೀವಂತ (ರಿವೈವ್) ಮಾಡಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ರೈಡರ್, ಎಂದರೆ ಮೂಲ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ರಕ್ಷಣೆ, ಆಮೇಲೆ ಸೇರಿಸಿದರೆ ಅದಕ್ಕೆ ಪ್ರತ್ಯೇಕ ಎಣಿಕೆ. ಆರೋಗ್ಯ ವಿಮೆಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ, ಅಲ್ಲಿ 2024ರಿಂದ 60 ತಿಂಗಳ ಮೊರಟೋರಿಯಂ (ಅದು ಕಳೆದ ಮೇಲೆ ಮುಚ್ಚಿಟ್ಟರೆಂದು ಕ್ಲೇಮ್ ಪ್ರಶ್ನಿಸುವಂತಿಲ್ಲ) ಇದೆ, ಮತ್ತು ಅದರ ನಂತರವೂ ವಂಚನೆ ಸಾಬೀತಾದರೆ ರಕ್ಷಣೆಯಿಲ್ಲ.

ಹೇಳಿದ್ದರಿಂದ ಸಿಗುವ ಬಲ ಎಂಥದು ಎಂಬುದಕ್ಕೆ 2021ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪೊಂದು ಇದೆ. ವಿದೇಶ ಪ್ರಯಾಣಕ್ಕೆ ವಿಮೆ ಮಾಡಿಸಿದವರೊಬ್ಬರು ಸಕ್ಕರೆ ಕಾಯಿಲೆಯನ್ನು ತಿಳಿಸಿದ್ದರು; ಅವರಿಗೆ ಹೃದಯಾಘಾತವಾದಾಗ, ಕೊಲೆಸ್ಟರಾಲ್ ಮಾತ್ರೆಯನ್ನು ತಿಳಿಸಿಲ್ಲವೆಂದು ಕಂಪನಿ ಕ್ಲೇಮ್ ತಿರಸ್ಕರಿಸಿತು. ಕಾಯಿಲೆ ಗೊತ್ತಿದ್ದೂ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯ ನೆಪದಲ್ಲಿ ಹಣ ನಿರಾಕರಿಸುವಂತಿಲ್ಲ ಎಂದು ಕೋರ್ಟ್ ಹೇಳಿತು.

ಎಷ್ಟು ಕಂಪನಿಗೆ ಹಾಕಬೇಕು?

ಒಂದೇ ವಾರದಲ್ಲಿ ಐದಾರು ಕಡೆ ಅರ್ಜಿ ಎಸೆಯುವುದು ಥೈರಾಯ್ಡ್ ಇರುವವರಿಗೆ ಒಳ್ಳೆಯದಲ್ಲ. ‘ನಿಮ್ಮ ಅರ್ಜಿಯನ್ನು ಬೇರೆ ಕಂಪನಿ ತಿರಸ್ಕರಿಸಿದೆಯೇ, ಮುಂದೂಡಿದೆಯೇ, ಹೆಚ್ಚುವರಿ ಪ್ರೀಮಿಯಂ ಕೇಳಿದೆಯೇ’ ಎಂಬ ಪ್ರಶ್ನೆ ಎಲ್ಲರ ಫಾರ್ಮಿನಲ್ಲೂ ಇದೆ, ಸುಳ್ಳು ಹೇಳುವಂತಿಲ್ಲ. ಒಂದು ತಿರಸ್ಕಾರ ಮುಂದಿನ ಎಲ್ಲ ಅರ್ಜಿಗಳಿಗೂ ಅಂಟಿಕೊಳ್ಳುತ್ತದೆ. ಗಂಟು, ಗ್ರೇವ್ಸ್ ಅಥವಾ ಆಪರೇಷನ್ ಇತಿಹಾಸ ಇದ್ದರೆ ಬ್ರೋಕರ್ ಮೂಲಕ ಹೆಸರಿಲ್ಲದೆ ವಿವರವನ್ನಷ್ಟೇ ಕಳಿಸಿ ‘ಇಂಥ ಪ್ರಕರಣಕ್ಕೆ ನಿಮ್ಮ ನಿಲುವೇನು’ ಎಂದು ವಿಚಾರಿಸಿ. ಅದು ಅಧಿಕೃತ ಅರ್ಜಿಯಲ್ಲ, ದಾಖಲೆಗೂ ಸೇರುವುದಿಲ್ಲ. ಸರಳ ಹೈಪೋಗೆ ಇಷ್ಟೆಲ್ಲ ಬೇಕಿಲ್ಲ.

ಮೊತ್ತದ ಬಗ್ಗೆ: ಟರ್ಮ್ ವಿಮೆ ವಾರ್ಷಿಕ ಆದಾಯದ 10ರಿಂದ 15 ಪಟ್ಟು, ಮೇಲೆ ಸಾಲವಿದ್ದರೆ ಅದೂ. ಕ್ರಿಟಿಕಲ್ ಇಲ್‌ನೆಸ್ ಎರಡು ಮೂರು ವರ್ಷದ ಆದಾಯದಷ್ಟಿದ್ದರೆ ಸಾಕು. ರೈಡರ್ ಆಗಿ ಕೊಂಡರೆ ಅದರ ಮೊತ್ತ ಮೂಲ ಪಾಲಿಸಿಯ ಮೊತ್ತವನ್ನು ಮೀರುವಂತಿಲ್ಲ.

ರಕ್ತ ಕೊಡುವ ದಿನ

ದೊಡ್ಡ ಮೊತ್ತಕ್ಕೆ ಮನೆಗೇ ಬಂದು ಎತ್ತರ, ತೂಕ, ಬಿಪಿ ನೋಡಿ ರಕ್ತ, ಮೂತ್ರ ತೆಗೆದುಕೊಳ್ಳುತ್ತಾರೆ. ಇಸಿಜಿಗೋ ಟ್ರೆಡ್‌ಮಿಲ್ ಪರೀಕ್ಷೆಗೋ ಕೇಂದ್ರಕ್ಕೆ ಕರೆಯಬಹುದು. 10ರಿಂದ 12 ಗಂಟೆ ಉಪವಾಸ. ಆ ಬೆಳಗ್ಗೆ ಥೈರಾಕ್ಸಿನ್ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಮಾತ್ರೆ ನುಂಗಿದ ಕೆಲವು ಗಂಟೆ ಫ್ರೀ ಟಿ4 ಮೇಲಿರುತ್ತದೆ, ಸುಮ್ಮನೆ ಪ್ರಶ್ನೆ ಏಳುತ್ತದೆ. ಹಾಗೆಂದು ಹಿಂದಿನ ವಾರವಿಡೀ ಮಾತ್ರೆ ಬಿಡುವುದಾಗಲಿ, ಹಿಂದಿನ ದಿನ ಎರಡು ನುಂಗುವುದಾಗಲಿ ಮಾಡಬೇಡಿ. ಟಿಎಸ್‌ಎಚ್ ಅಷ್ಟು ಬೇಗ ಬದಲಾಗುವುದೂ ಇಲ್ಲ. ಜ್ವರ, ಸೋಂಕು ಇದ್ದರೆ ದಿನಾಂಕ ಮುಂದೂಡಿಸಿ, ಮೈಯಲ್ಲಿ ಹುಷಾರಿಲ್ಲದಾಗ ಥೈರಾಯ್ಡ್ ಅಂಕಿಗಳು ಏರುಪೇರಾಗುತ್ತವೆ.

ಫೋನಿನಲ್ಲೋ ವಿಡಿಯೋದಲ್ಲೋ ವೈದ್ಯರು ಮಾತಾಡಿಸುವ ಕ್ರಮವೂ ಇದೆ, ಅದು ರೆಕಾರ್ಡ್ ಆಗುತ್ತದೆ. ಫಾರ್ಮಿನಲ್ಲಿ ಬರೆದದ್ದನ್ನೇ ಹೇಳಿ, ರಿಪೋರ್ಟ್ ಮುಂದಿಟ್ಟುಕೊಂಡು ಕೂತರೆ ವರ್ಷ, ಡೋಸ್ ತಪ್ಪುವುದಿಲ್ಲ. ಕನ್ನಡದಲ್ಲಿ ಮಾತಾಡಬೇಕೆಂದು ಕರೆ ಬಂದಾಗಲೇ ಕೇಳಿ.

ಕಂಪನಿಯ ಉತ್ತರ

ಮಾಮೂಲಿ ದರಕ್ಕೇ ಒಪ್ಪಿದರೆ ಹೇಳುವುದೇನೂ ಇಲ್ಲ. ಹೆಚ್ಚುವರಿ ಪ್ರೀಮಿಯಂ, ಎಂದರೆ ಲೋಡಿಂಗ್ ಕೇಳಿದರೆ ನಿಮ್ಮ ಒಪ್ಪಿಗೆ ಪಡೆದೇ ಪಾಲಿಸಿ ಕೊಡಬೇಕು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 14,000 ರೂಪಾಯಿ ಇದ್ದದ್ದು ಶೇ 25 ಲೋಡಿಂಗ್‌ನಿಂದ 17,500 ಆದರೆ, 30 ವರ್ಷದಲ್ಲಿ ಹೆಚ್ಚುವರಿ 1,05,000 ರೂಪಾಯಿ. ಒಂದು ಕೋಟಿಯ ರಕ್ಷಣೆಗೆ ಇದು ಬಿಟ್ಟುಕೊಡುವಷ್ಟು ದೊಡ್ಡದಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ, ಹಳೆಯ ಕೊಟೇಷನ್‌ನಲ್ಲಿ ಶೇ 18 ಸೇರಿಸಿ ತೋರಿಸಿದ್ದರೆ ಹೊಸದು ಕೇಳಿ.

ಲೋಡಿಂಗ್‌ಗೆ ಕಾರಣವನ್ನು ಬರಹದಲ್ಲಿ ಕೇಳಿ. ಎಷ್ಟೋ ಸಲ ಅದು ಥೈರಾಯ್ಡ್ ಆಗಿರುವುದಿಲ್ಲ, ತೂಕವೋ ಕೊಲೆಸ್ಟರಾಲೋ ಆಗಿರುತ್ತದೆ. ಥೈರಾಯ್ಡೇ ಆಗಿದ್ದು ಇತ್ತೀಚಿನ ಟಿಎಸ್‌ಎಚ್ ಸರಿಯಿದ್ದರೆ ವೈದ್ಯರ ಪತ್ರದೊಂದಿಗೆ ಮರುಪರಿಶೀಲನೆ ಕೇಳಬಹುದು. ಆಗಲಿಲ್ಲವೆಂದರೆ ಒಪ್ಪಿಕೊಳ್ಳಿ. ವರ್ಷವೆರಡು ಕಳೆದು ಅಂಕಿಗಳು ಸುಧಾರಿಸಿದಾಗ ಬೇರೆ ಕಡೆ ಹೊಸ ಅರ್ಜಿ ಹಾಕಿ. ಹೊಸ ಪಾಲಿಸಿ ಕೈಗೆ ಬರುವ ತನಕ ಹಳೆಯದನ್ನು ನಿಲ್ಲಿಸಬೇಡಿ, ಮತ್ತು ಹೊಸದರ ಮೂರು ವರ್ಷ ಆಗ ಶುರುವಾಗುತ್ತದೆ ಎಂಬುದು ನೆನಪಿರಲಿ.

‘ಮುಂದೂಡಿದೆ’ ಎಂದರೆ ಎಷ್ಟು ತಿಂಗಳು, ಯಾವ ಪರೀಕ್ಷೆ ಬೇಕು ಎಂದು ಕೇಳಿಟ್ಟುಕೊಳ್ಳಿ. ಆ ಅವಧಿಗೆ ನೀವು ಕೆಲಸ ಮಾಡುವ ಸಂಸ್ಥೆಯ ಗ್ರೂಪ್ ವಿಮೆ ಇದ್ದರೆ ಅದು ಆಸರೆ, ಆದರೆ ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಬ್ಯಾಂಕ್ ಖಾತೆ ಇರುವ 18ರಿಂದ 50 ವಯಸ್ಸಿನವರಿಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ ವರ್ಷಕ್ಕೆ 436 ರೂಪಾಯಿಗೆ 2 ಲಕ್ಷ ಕೊಡುತ್ತದೆ, ವೈದ್ಯಕೀಯ ಪರೀಕ್ಷೆ ಇಲ್ಲ. ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ರಕ್ಷಣೆ.

ಕ್ರಿಟಿಕಲ್ ಇಲ್‌ನೆಸ್: ಸಣ್ಣಕ್ಷರದ ಆ ಒಂದು ಸಾಲು

ಹೈಪೋ, ಹೈಪರ್ ಯಾವುದೂ ಕ್ರಿಟಿಕಲ್ ಇಲ್‌ನೆಸ್ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರುವುದು ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯದಂಥವು. ಹತೋಟಿಯಲ್ಲಿರುವ ಹೈಪೋ ಇರುವವರಿಗೆ ಈ ಪಾಲಿಸಿಯೂ ಸಾಮಾನ್ಯವಾಗಿ ಸಿಗುತ್ತದೆ. ಥೈರಾಯ್ಡ್ ಇರುವವರು ಇದನ್ನು ಕೊಳ್ಳುವಾಗ ‘ಗಂಟು ಮುಂದೆ ಕ್ಯಾನ್ಸರ್ ಆದರೆ ಹಣ ಬರುತ್ತದಲ್ಲ’ ಎಂದುಕೊಂಡಿರುತ್ತಾರೆ. ಇಲ್ಲೇ ಪೇಚು.

ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸಿದ ಕ್ಯಾನ್ಸರ್ ವ್ಯಾಖ್ಯೆ ಎಲ್ಲ ಕಂಪನಿಗಳಿಗೂ ಒಂದೇ. ಅದರ ಹೊರಗಿಡುವ ಪಟ್ಟಿಯಲ್ಲಿ ‘ಟಿ1 ಎನ್0 ಎಂ0 ಅಥವಾ ಅದಕ್ಕಿಂತ ಕೆಳಗಿನ ಎಲ್ಲ ಥೈರಾಯ್ಡ್ ಕ್ಯಾನ್ಸರ್’ ಎಂದಿದೆ. ಬಿಡಿಸಿ ಹೇಳಿದರೆ: ಗೆಡ್ಡೆ 2 ಸೆಂಟಿಮೀಟರ್ ಅಥವಾ ಅದಕ್ಕಿಂತ ಚಿಕ್ಕದು, ಗ್ರಂಥಿಯೊಳಗೇ ಇದೆ, ಕತ್ತಿನ ದುಗ್ಧಗ್ರಂಥಿಗಳಿಗೆ ಹರಡಿಲ್ಲ, ದೂರದ ಅಂಗಗಳಿಗೂ ಹರಡಿಲ್ಲ. ಇಂಥ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರ್‌ನ ಸಾಮಾನ್ಯ ಬಗೆ) ಈಗ ಸ್ಕ್ಯಾನ್‌ಗಳಲ್ಲಿ ಬಹಳ ಬೇಗ ಸಿಕ್ಕಿಬೀಳುತ್ತದೆ, ಗುಣವಾಗುವ ಸಾಧ್ಯತೆಯೂ ತುಂಬಾ ಹೆಚ್ಚು. ಹಾಗಾಗಿಯೇ ಅದನ್ನು ಹೊರಗಿಟ್ಟಿರುವುದು. ಆಪರೇಷನ್ ಆಗುತ್ತದೆ, ಬಯಾಪ್ಸಿ ‘ಕ್ಯಾನ್ಸರ್’ ಎನ್ನುತ್ತದೆ, ಪಾಲಿಸಿ ಒಂದು ಪೈಸೆ ಕೊಡುವುದಿಲ್ಲ. ಹಳೆಯ ಪಾಲಿಸಿ ಇರುವವರು ತಮ್ಮ ಪತ್ರವನ್ನೇ ತೆರೆದು ನೋಡಬೇಕು: 2013ರ ವ್ಯಾಖ್ಯೆಯಲ್ಲಿ ಹೊರಗಿದ್ದದ್ದು 1 ಸೆಂಟಿಮೀಟರ್‌ಗಿಂತ ಚಿಕ್ಕ ಪ್ಯಾಪಿಲರಿ ಮಾತ್ರ.

ಇದರಿಂದ ಮಾಡಬೇಕಾದದ್ದು ಮೂರು. ಒಂದು, ಆಸ್ಪತ್ರೆ ಖರ್ಚು ತುಂಬುವ ಮಾಮೂಲಿ ಆರೋಗ್ಯ ವಿಮೆ ಮೊದಲು ಇರಲಿ. ಥೈರಾಯ್ಡ್ ಆಪರೇಷನ್ ಅದರಲ್ಲಿ ಬರುತ್ತದೆ. ಮೊದಲೇ ಇದ್ದ ಕಾಯಿಲೆಗೆ ವೇಟಿಂಗ್ ಪೀರಿಯಡ್ 2024ರ ಏಪ್ರಿಲ್‌ನಿಂದ ಹೆಚ್ಚೆಂದರೆ 36 ತಿಂಗಳು. ಎರಡು, ಆರಂಭಿಕ ಹಂತಕ್ಕೂ ಮೊತ್ತದ ಒಂದು ಪಾಲು, ಸಾಮಾನ್ಯವಾಗಿ ಕಾಲು ಭಾಗ, ಕೊಡುವ ಕ್ಯಾನ್ಸರ್ ಪಾಲಿಸಿಗಳಿವೆ. ಅವುಗಳ ಆರಂಭಿಕ ಪಟ್ಟಿಯಲ್ಲಿ ಥೈರಾಯ್ಡ್ ಇದೆಯೇ ಎಂದು ಹೆಸರು ಹಿಡಿದು ಹುಡುಕಿ. ಮೂರು, ಗಂಟು ಇರುವವರಿಗೆ ಕೆಲವು ಕಂಪನಿಗಳು ಥೈರಾಯ್ಡ್ ಕ್ಯಾನ್ಸರ್ ಅನ್ನು ಹೊರಗಿಟ್ಟು ಪಾಲಿಸಿ ಕೊಡಲು ಮುಂದಾಗುತ್ತವೆ. ಗಂಟು ಬೆಥೆಸ್ಡಾ 2 ಆಗಿದ್ದರೆ ನಮ್ಮ ಅಭಿಪ್ರಾಯದಲ್ಲಿ ಅದನ್ನು ಒಪ್ಪಬಹುದು; ಹೃದಯ, ಮೆದುಳು, ಉಳಿದ ಕ್ಯಾನ್ಸರ್‌ಗಳ ರಕ್ಷಣೆ ಉಳಿಯುತ್ತದೆ.

ಕ್ಲೇಮ್ ಮಾಡುವ ಪ್ರಸಂಗ ಬಂದರೆ ಸೂಜಿ ಪರೀಕ್ಷೆಯ ರಿಪೋರ್ಟ್ ಸಾಲದು, ವ್ಯಾಖ್ಯೆ ಕೇಳುವುದು ಅಂಗಾಂಶದ ಬಯಾಪ್ಸಿ. ಅದರಲ್ಲಿ ಗೆಡ್ಡೆಯ ಗಾತ್ರ ಮತ್ತು ಹಂತ ಸ್ಪಷ್ಟವಿರಬೇಕು. ಆಪರೇಷನ್ನಿನಲ್ಲಿ ದುಗ್ಧಗ್ರಂಥಿ ತೆಗೆಯದಿದ್ದರೆ ‘ಎನ್ ಎಕ್ಸ್’, ಅಂದರೆ ನೋಡಿಲ್ಲ, ಎಂದು ಬರುತ್ತದೆ. ತಕರಾರು ಹುಟ್ಟುವುದು ಇಲ್ಲೇ, ಚಿಕಿತ್ಸೆ ಕೊಟ್ಟ ವೈದ್ಯರಿಂದ ಹಂತವನ್ನು ಬರೆಸಿಕೊಳ್ಳಿ. ಹೆಚ್ಚಿನ ಪಾಲಿಸಿಗಳಲ್ಲಿ ರೋಗ ಖಚಿತವಾದ ಮೇಲೆ 30 ದಿನ ಬದುಕಿರಬೇಕೆಂಬ ಷರತ್ತೂ ಇದೆ.

ಪಾಲಿಸಿ ಬಂದ ಮೇಲೆ, ತಕರಾರು ಬಂದರೆ

ಪಾಲಿಸಿಯೊಂದಿಗೆ ನಿಮ್ಮ ಫಾರ್ಮಿನ ಪ್ರತಿ ಇರುತ್ತದೆ. ಆರೋಗ್ಯದ ಉತ್ತರಗಳನ್ನು ಮೊದಲ ದಿನವೇ ನೋಡಿ. ಏಜೆಂಟ್ ‘ಇಲ್ಲ’ ಎಂದು ತುಂಬಿದ್ದು ಕಂಡರೆ ಕಂಪನಿಗೆ ಇಮೇಲ್‌ನಲ್ಲಿ ತಿದ್ದುಪಡಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಷರತ್ತು ಹಿಡಿಸದಿದ್ದರೆ ಪತ್ರ ಕೈಗೆ ಬಂದ 30 ದಿನದೊಳಗೆ ಹಿಂತಿರುಗಿಸಬಹುದು. ಆದ ದಿನಗಳ ರಕ್ಷಣೆಯ ಬಾಬ್ತು, ವೈದ್ಯಕೀಯ ಪರೀಕ್ಷೆ ಮತ್ತು ಸ್ಟಾಂಪ್ ಖರ್ಚು ಕಳೆದು ಉಳಿದದ್ದು ವಾಪಸ್. ಪ್ರೀಮಿಯಂ ಬ್ಯಾಂಕಿನಿಂದ ತಾನೇ ಕಡಿತವಾಗುವಂತೆ ಮಾಡಿ. ವಾರ್ಷಿಕ ಕಂತಿಗೆ 30 ದಿನ, ಮಾಸಿಕಕ್ಕೆ 15 ದಿನದ ರಿಯಾಯಿತಿ ಮೀರಿದರೆ ಲ್ಯಾಪ್ಸ್, ಆಮೇಲೆ ರಿವೈವ್ ಮಾಡಿಸಲು ಹೊಸದಾಗಿ ಆರೋಗ್ಯ ಘೋಷಣೆ. ನಡುವೆ ಸಿಕ್ಕ ಗಂಟನ್ನೂ ಆಗ ಹೇಳಬೇಕಾಗುತ್ತದೆ.

ಪಾಲಿಸಿ ಶುರುವಾದ ಮೇಲೆ ಹೊಸದಾಗಿ ಬಂದ ಕಾಯಿಲೆಗೆ, ಡೋಸ್ ಏರಿದ್ದಕ್ಕೆ ಟರ್ಮ್ ಪ್ರೀಮಿಯಂ ಹೆಚ್ಚಿಸುವಂತಿಲ್ಲ. ನಾಮಿನಿಗೆ ರಿಪೋರ್ಟ್ ಕಡತ ಎಲ್ಲಿದೆ ಎಂದು ತೋರಿಸಿಡಿ, ತನಿಖೆಗೆ ಬಂದವರಿಗೆ ಕೊಡಬೇಕಾದವರು ಅವರೇ.

ಮೂರು ವರ್ಷದೊಳಗೆ ‘ಮಾಹಿತಿ ಮುಚ್ಚಿಟ್ಟಿದ್ದಾರೆ’ ಎಂದು ಕ್ಲೇಮ್ ತಿರಸ್ಕರಿಸಿದರೆ, ಆಧಾರಗಳನ್ನು ಕಂಪನಿ ಬರಹದಲ್ಲಿ ಕೊಡಬೇಕು. ವಂಚನೆಯಲ್ಲದ ತಪ್ಪು ಮಾಹಿತಿಯಾದರೆ, ಅದು ಗೊತ್ತಿದ್ದಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ತೋರಿಸುವ ಹೊರೆ ಕಂಪನಿಯದು. ಮಾತ್ರೆಯಿಂದ ಹತೋಟಿಯಲ್ಲಿದ್ದ ಹೈಪೋ ವಿಷಯದಲ್ಲಿ ಇದನ್ನು ತೋರಿಸುವುದು ಸುಲಭವಲ್ಲ, ವಾದ ಮಾಡುವಾಗ ಇದನ್ನು ಗಟ್ಟಿಯಾಗಿ ಹಿಡಿಯಿರಿ. ಅಂಥ ತಿರಸ್ಕಾರದಲ್ಲಿ ಕಟ್ಟಿದ ಪ್ರೀಮಿಯಂ 90 ದಿನದೊಳಗೆ ವಾಪಸ್ ಬರಬೇಕು.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಅಲ್ಲಿ ಬಗೆಹರಿಯದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣ ಅಥವಾ 155255 ಸಂಖ್ಯೆ. ಅದಾದ ಮೇಲೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ಇತ್ಯರ್ಥಪಡಿಸುವ ಅಧಿಕಾರಿ) ಕಚೇರಿ. ಇಡೀ ಕರ್ನಾಟಕ ಅದರ ವ್ಯಾಪ್ತಿಯಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿ 30 ದಿನ ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿ ತರದಿದ್ದರೆ ಒಂದು ವರ್ಷದೊಳಗೆ ಅರ್ಜಿ ಹೋಗಿರಬೇಕು. ಮೊತ್ತ ಅದಕ್ಕಿಂತ ಹೆಚ್ಚಿದ್ದರೆ ಗ್ರಾಹಕ ಆಯೋಗ, ಅಲ್ಲಿ ಎರಡು ವರ್ಷದ ಕಾಲಮಿತಿ. ಅರ್ಜಿಯ ಜೊತೆ ಪಾಲಿಸಿ ಪತ್ರ, ತಿರಸ್ಕಾರದ ಪತ್ರ, ಫಾರ್ಮಿನ ಪ್ರತಿ ಮತ್ತು ಪಾಲಿಸಿಗೆ ಮುಂಚಿನ ಟಿಎಸ್‌ಎಚ್ ರಿಪೋರ್ಟ್‌ಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಕೊಡಿ.